ಹಿಮ್ಮೇಳದ ಹಿರಿಯ

ಕುಕ್ಕುಂದೂರಿನಿಂದ ಉಡುಪಿಯತ್ತ ಸಾಗುವ ದಾರಿಯಲ್ಲಿ ಹಿರಿಯಡಕವಿದೆ. ಆ ಊರ ಹೆಸರನ್ನು ಯಕ್ಷಗಾನ ರಸಿಕರ ನಾಲಗೆಯಲ್ಲಿ ನೆಲೆಗೊಳಿಸಿದವರು ಮದ್ದಳೆಗಾರ ಗೋಪಾಲರಾಯರು. ಪ್ರೇಕ್ಷಕನ ಕಣ್ಣು ಸದಾ ವೇಷದ ಮೇಲೆ. ಕಿವಿ ಭಾಗವತರ ಕಂಠದ ಮೇಲೆ. ಆದರೆ ಕುಣಿಯುವ ಕಾಲಿಗೆ ಹುರುಪು ತುಂಬಿ, ಅಪರಾತ್ರಿಯಲ್ಲಿ ತೂಕಡಿಸುವ ಸಭೆಯನ್ನು ಎಚ್ಚರಿಸುವವನು ಹಿಂದೆ ಕುಳಿತ ವಾದಕನೇ. ಬಡಗುತಿಟ್ಟಿನಲ್ಲಿ ಏರುಶ್ರುತಿಯ 'ಏರುಮದ್ದಳೆ'ಯನ್ನು ಬಳಕೆಗೆ ತಂದ ಕೀರ್ತಿ ರಾಯರದು. ಅಮೆರಿಕದ ಮಾರ್ತಾ ಆಷ್ಟನ್ ಅವರಿಗೂ ಈ ಕಲೆಯಲ್ಲಿ ಅವರು ಗುರುವಾದರು.

1919ರಲ್ಲಿ ಜನಿಸಿದ ರಾಯರು ಕಣ್ಮುಚ್ಚಿದ್ದು 2020ರ ಅಕ್ಟೋಬರಿನಲ್ಲಿ. ಸಾಂಕ್ರಾಮಿಕದ ಭೀತಿಯಿಂದ ಮೇಳಗಳ ತಿರುಗಾಟವೇ ಅರ್ಧಕ್ಕೆ ನಿಂತ ವರ್ಷವದು. ಬಾಳೆಲ್ಲ ಇನ್ನೊಬ್ಬರ ಕುಣಿತಕ್ಕೆ ನಾದವಾದವರನ್ನು ಬೀಳ್ಕೊಡುವಾಗ ರಂಗಸ್ಥಳಗಳು ಮೌನವಾಗಿದ್ದವು. ಚಪ್ಪಾಳೆ ಮುಂದಿದ್ದವನಿಗೆ ಸಲ್ಲುವುದು ಲೋಕರೂಢಿ. ಹಿಂದಿದ್ದವನನ್ನು ನೆನೆಯುವುದು ಸಹೃದಯರ ಋಣ.