ಹತ್ತು ಎಚ್‌ಪಿ ಮೋಟ್ರು

ಬೆಂಗಳೂರಲ್ಲಿ ಕೂತು ಹೊಸದುರ್ಗದ ಬೋರಿಗೆ ಮೋಟ್ರು ಆರಿಸಬಾರದು ಅಂತ ನನಗೆ ಗೊತ್ತಾಗಿದ್ದು ಅರವತ್ತು ಸಾವಿರ ಚಿಲ್ಲರೆ ಕಳೆದ ಮೇಲೆ.

2018ರ ಬೇಸಿಗೆ. ಅಪ್ಪ ಫೋನ್ ಮಾಡಿ, "ಮೋಟ್ರು ಹೋತು ಕಣೋ, ಈ ಸಲ ಹೊಸದೇ ತರ್ಬೇಕು" ಅಂದ. ಮೂರು ಸಲ ವೈಂಡಿಂಗ್ ಮಾಡಿಸಿದ್ದ ಹಳೇ ಏಳೂವರೆ ಎಚ್‌ಪಿ ಅದು. ಬೋರು ಕೊರೆಸಿದ್ದು 2006ರಲ್ಲಿ. ಆವಾಗ ಮೂರಿಂಚು ನೀರು, ಮುನ್ನೂರು ಅಡಿಗೆ ಮೋಟ್ರು. ಆಮೇಲೆ ವರ್ಷ ವರ್ಷ ಒಂದೆರಡು ಪೈಪು ಸೇರಿಸ್ತಾ ಸೇರಿಸ್ತಾ ಈಗ ಆರುನೂರು ಅಡಿಗೆ ಬಿಡಬೇಕಾಗಿತ್ತು.

"ಐದು ಎಚ್‌ಪಿ ಸಾಕು ಅನ್ಸುತ್ತೆ" ಅಂದ ಅಪ್ಪ.

ನನಗೆ ನಗು ಬಂತು. ಮುನ್ನೂರಕ್ಕೆ ಏಳೂವರೆ ಬೇಕಾಗಿದ್ರೆ ಆರುನೂರಕ್ಕೆ ಐದು ಹೆಂಗೆ ಸಾಕು? ಸುತ್ತಲ ತೋಟದವರೆಲ್ಲ ಹತ್ತು ಹಾಕಿದ್ರು. ಹತ್ತು ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ಲೂ ಇಲ್ಲ. ಐದು ಹಾಕಿದ್ರೂ ಸೊನ್ನೆ, ಹತ್ತು ಹಾಕಿದ್ರೂ ಸೊನ್ನೆ ಅಂದಮೇಲೆ ಚಿಕ್ಕದು ತರೋನು ಪೆದ್ದ ಅನ್ನೋದು ನನ್ನ ಲೆಕ್ಕ. "ನೀನು ತಲೆ ಕೆಡಿಸ್ಕೋಬೇಡಪ್ಪ, ಹತ್ತೇ ಹಾಕ್ಸು. ದುಡ್ಡು ನಾನ್ ಕಳಿಸ್ತೀನಿ" ಅಂದೆ. ಸಂಬಳ ತಗೊಳ್ಳೋ ಮಗನ ಮಾತು ಹೀಗೇ ಇರುತ್ತೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು "ಆಯ್ತು" ಅಂದ.

ಹತ್ತೊಂಬತ್ತನೇ ದಿನ ಮೋಟ್ರು ಸುಟ್ಟುಹೋಯಿತು. "ನಾನ್ ಹೇಳಿರ್ಲಿಲ್ವಾ" ಅಂತ ಅಪ್ಪ ಅಂದಿದ್ರೆ ಜಗಳ ಆಡಿ ಹಗುರಾಗ್ತಿದ್ದೆ. ಅವನು ಹೇಳಿದ್ದು ಇಷ್ಟೇ: "ಶನಿವಾರ ಬರ್ತೀಯೇನು? ಮೇಲಿನ ಸಾಲಲ್ಲಿ ಗರಿ ಜೋತು ಬಿದ್ದಾವೆ."

ಶನಿವಾರ ಮೋಟ್ರನ್ನ ಹೊಳಲ್ಕೆರೆಗೆ ಹೊತ್ತುಕೊಂಡು ಹೋದ್ವಿ. ಅಲ್ಲಿ ಅಪ್ಪನಿಗೆ ಇಪ್ಪತ್ತು ವರ್ಷದ ಪರಿಚಯದ ರಿಪೇರಿ ಸಾಬರಿದ್ದಾರೆ. ಅವರು ಮೋಟ್ರು ಬಿಚ್ಚಿ, ತಂತಿ ಮೇಲಿನ ಪ್ಲಾಸ್ಟಿಕ್ ಕರಗಿ ಮುದ್ದೆಯಾಗಿದ್ದನ್ನ ಬೆರಳಲ್ಲಿ ಒತ್ತಿ ನೋಡಿ, "ಬೋರು ಎಷ್ಟಿಂಚು?" ಅಂತ ಕೇಳಿದ್ರು.

"ಎರಡು, ಎರಡೂವರೆ ಇರಬಹುದು" ಅಂದೆ.

"ಯಾವಾಗ ಅಳ್ಸಿದ್ರಿ?"

ಅಳಿಸಿದ್ದು ಕೊರೆಸಿದ ದಿನ ಮಾತ್ರ. ಬೋರಿನ ಆಳ ನಮ್ಮನೇಲಿ ಸಣ್ಣ ಮಕ್ಕಳಿಗೂ ಬಾಯಿಪಾಠ. ನೀರೆಷ್ಟು ಅನ್ನೋದು ಮಾತ್ರ ಹನ್ನೆರಡು ವರ್ಷದ ಹಿಂದಿನ ಸುದ್ದಿ.

ಭಾನುವಾರ ಸಾಬರೇ ತಮ್ಮ ಹತ್ತಿರವಿದ್ದ ಒಂದು ಐದು ಎಚ್‌ಪಿ ತಂದು ಇಳಿಸಿದ್ರು. ನೀರು ಗಾಳಿ ಹೊಡೆಯದೆ ಒಂದೇ ಸಮ ಬರೋ ತನಕ ಗೇಟ್‌ವಾಲ್ ತಿರುಗಿಸಿ, ಇನ್ನೂರು ಲೀಟರಿನ ಡ್ರಮ್ ಇಟ್ಟು, ನನ್ನ ಮೊಬೈಲಲ್ಲಿ ಟೈಮ್ ನೋಡು ಅಂದ್ರು. ನಾಲ್ಕು ನಿಮಿಷ ಹತ್ತು ಸೆಕೆಂಡ್. ಅಂದ್ರೆ ಸೆಕೆಂಡಿಗೆ 0.8 ಲೀಟರ್, ಗಂಟೆಗೆ ಸುಮಾರು 2,900 ಲೀಟರ್. "ಸರಿಯಾಗಿ ಎರಡಿಂಚು" ಅಂದ್ರು.

ಈ ಇಂಚಿನ ಲೆಕ್ಕ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ, ಆದ್ರೆ ಅದು ಪೈಪಿನ ಅಗಲ ಅಲ್ಲ. ಬೋರಿನ ನೀರನ್ನ V ಆಕಾರದಲ್ಲಿ ಕೊರೆದ ತಗಡಿನ ಮೇಲೆ ಹರಿಸಿ, ಆ V ಒಳಗೆ ನೀರು ಎಷ್ಟು ಎತ್ತರ ನಿಲ್ಲುತ್ತೆ ಅಂತ ಅಳೆಯೋದು. V ಮೇಲಕ್ಕೆ ಹೋದಹಾಗೆ ಅಗಲವಾಗುತ್ತಲ್ಲ, ಹಾಗಾಗಿ ಇಂಚು ಸ್ವಲ್ಪ ಏರಿದರೆ ನೀರು ತುಂಬಾ ಏರುತ್ತೆ. ಮೂರಿಂಚು ಅಂದ್ರೆ ಗಂಟೆಗೆ ಸುಮಾರು 8,000 ಲೀಟರ್. ಮೂರರಿಂದ ಎರಡಕ್ಕೆ ಇಳಿದರೆ ಮೂರರಲ್ಲಿ ಒಂದು ಭಾಗ ಹೋಯ್ತು ಅಂದ್ಕೊಂಡಿದ್ದೆ. ಹೋಗಿದ್ದು ಮೂರರಲ್ಲಿ ಎರಡು ಭಾಗದ ಹತ್ತಿರ.

ಆಮೇಲೆ ಸಾಬರು ಬೀಡಿ ಕಟ್ಟಿನ ಹಿಂದೆ ಲೆಕ್ಕ ಬರೆದ್ರು. ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತಬೇಕು, ಗುಣಿಸಿ 75ರಿಂದ ಭಾಗಿಸು. ಪಂಪು ಅರ್ಧ ಶಕ್ತಿ ತಾನೇ ತಿನ್ನುತ್ತೆ ಅಂತ ಇಟ್ಕೊಂಡು ಎರಡರಿಂದ ಗುಣಿಸು. ಆರುನೂರು ಅಡಿ ಅಂದ್ರೆ 183 ಮೀಟರ್. 0.8 ಲೀಟರಿಗೆ ನಾಲ್ಕು ಎಚ್‌ಪಿ ಬಂತು! 2006ರ ಲೆಕ್ಕ ಹಾಕಿದ್ರೆ, ಮುನ್ನೂರೇ ಅಡಿ ಆದ್ರೂ ಮೂರಿಂಚು ನೀರಿಗೆ ಐದೂವರೆ. ಅದಕ್ಕೇ ಆವಾಗ ಏಳೂವರೆ ಹಾಕಿದ್ದು. ಆಳ ಎರಡು ಪಟ್ಟು ಆಗಿದ್ದು ನನಗೆ ಕಂಡಿತ್ತು, ನೀರು ಮೂರನೇ ಒಂದು ಭಾಗಕ್ಕೆ ಬಂದಿದ್ದು ಕಂಡಿರಲಿಲ್ಲ.

ನಾನು ಹಾಕಿಸಿದ ಹತ್ತು ಸೆಕೆಂಡಿಗೆ ಎರಡು ಲೀಟರ್ ಎಳೀತಿತ್ತು. ಆರೂವರೆ ಇಂಚಿನ ಬೋರಲ್ಲಿ ಅಡಿಗೆ ಆರೂವರೆ ಲೀಟರ್ ನೀರು ನಿಂತಿರುತ್ತೆ. ಮೋಟ್ರಿನ ಮೇಲೆ ಇನ್ನೂರು ಅಡಿ ನೀರಿದ್ರೂ ಇಪ್ಪತ್ತು ನಿಮಿಷಕ್ಕೆ ಖಾಲಿ. ಆಮೇಲೆ ನೀರು, ಗಾಳಿ, ನೀರು, ಗಾಳಿ. ಸಬ್‌ಮರ್ಸಿಬಲ್ ಮೋಟ್ರು ತಣ್ಣಗಿರೋದೇ ತನ್ನ ಮೈ ಸವರಿಕೊಂಡು ಹೋಗೋ ನೀರಿನಿಂದ. ಆ ನೀರು ನಿಂತರೆ ಅದು ತನ್ನ ಬಿಸಿಗೆ ತಾನೇ ಬೇಯುತ್ತೆ. ಕೇಬಲ್ಲೂ ಹಳೇದೇ, ಏಳೂವರೆಗೆ ತಂದಿದ್ದು. ರಾತ್ರಿ ಎರಡು ಗಂಟೆಗೆ ಬರೋ ತ್ರೀಫೇಸಿಗೆ ಮೋಟ್ರು ತಾನೇ ಸ್ಟಾರ್ಟ್ ಆಗೋ ಹಂಗೆ ಆಟೊ ಬೇರೆ ಹಾಕಿಸಿದ್ದೆ, ಅಪ್ಪನಿಗೆ ನಿದ್ದೆ ಕೆಡದಿರಲಿ ಅಂತ. ಅವನು ಎದ್ದು ಹೋಗಿದ್ರೆ ಶಬ್ದ ಕೇಳಿಯೇ ಆಫ್ ಮಾಡ್ತಿದ್ದ.

ಆಫೀಸಲ್ಲಿ ಈ ಕಥೆ ಹೇಳ್ಕೊಂಡಾಗ ಮಲ್ಪೆ ಕಡೆಯ ಗೆಳೆಯ ಜೋರಾಗಿ ನಕ್ಕ. ಅವರ ಮನೇಲೂ ಇದೇ ಆಗಿತ್ತಂತೆ. ಅವನಣ್ಣ ಹಳೇ ನಾಡದೋಣಿಯ 9.9 ಎಚ್‌ಪಿ ಎಂಜಿನ್ ತೆಗೆದು ಇಪ್ಪತ್ತೈದರದ್ದು ಕೂರಿಸಿದ್ದ. ಎಂಜಿನ್ ಭಾರಕ್ಕೆ ದೋಣಿಯ ಹಿಂಬದಿ ನೀರಿಗೆ ಕುಕ್ಕರಿಸಿತು, ಎಂಜಿನ್ ಕಚ್ಚಿಸೋ ಹಳೇ ಹಲಗೆ ಬಿರುಕು ಬಿಟ್ಟಿತು, ಸೀಮೆಎಣ್ಣೆ ಮಾತ್ರ ಚೆನ್ನಾಗಿ ಕುಡೀತು. ಭಾರದ ದೋಣಿ ನೀರನ್ನ ಸೀಳಿಕೊಂಡು ಹೋಗೋದಕ್ಕೆ ಅದರ ಉದ್ದಕ್ಕೆ ತಕ್ಕ ಒಂದು ವೇಗ ಇರುತ್ತಂತೆ. ಅದು ದಾಟಿದ ಮೇಲೆ ಎಷ್ಟು ಶಕ್ತಿ ಸುರಿದ್ರೂ ಮುಂದೆ ಅಲೆ ದೊಡ್ಡದಾಗುತ್ತೆ, ದೋಣಿ ಅಷ್ಟೇನೂ ಮುಂದೆ ಹೋಗಲ್ಲ. "ದೋಣಿ ಕೇಳ್ಬೇಕು ಮಾರಾಯ, ಅಂಗಡಿಯವನನ್ನ ಅಲ್ಲ" ಅಂದ. ಸಮುದ್ರವಿರೋ ಊರಲ್ಲೂ ನನ್ನಂಥವರಿದ್ದಾರೆ ಅಂತ ಸಮಾಧಾನ ಆಯಿತು.

ಸಾಬರ ಐದನ್ನೇ ಕೊಂಡ್ಕೊಂಡ್ವಿ. ಕೊಳ್ಳೋವಾಗ ಅವರು ಹೇಳಿದ ಇನ್ನೊಂದು ಮಾತು: ಐದು ಎಚ್‌ಪಿ ಅಂತ ಹೇಳಿ ತಂದ್ರೆ ಸಾಲದು, ಎಷ್ಟು ಸ್ಟೇಜು ಅಂತಲೂ ಕೇಳಬೇಕು. ಸ್ಟೇಜು ಕಮ್ಮಿ ಇರೋ ಪಂಪು ಜಾಸ್ತಿ ನೀರನ್ನ ಕಮ್ಮಿ ಎತ್ತರಕ್ಕೆ ಎಸೆಯುತ್ತೆ, ಜಾಸ್ತಿ ಇರೋದು ಕಮ್ಮಿ ನೀರನ್ನ ದೂರ ಎತ್ತುತ್ತೆ. ಎಚ್‌ಪಿ ಎರಡಕ್ಕೂ ಒಂದೇ. ದಿನಕ್ಕೆ ಏಳು ತಾಸು ಕರೆಂಟ್ ಬಂದ್ರೆ ನಮ್ಮ ಎರಡಿಂಚು ಇಪ್ಪತ್ತು ಸಾವಿರ ಲೀಟರ್. ಡ್ರಿಪ್ಪಲ್ಲಿ ಮರಕ್ಕೆ ಅರವತ್ತು ಲೀಟರ್ ಅಂದ್ರೂ ನಮ್ಮ 280 ತೆಂಗಿಗೆ ಸಾಕು. ಆದ್ರೆ ಮೇಲಿನ ಸಾಲಲ್ಲಿ ಹನ್ನೊಂದು ಮರ ಆ ಬೇಸಿಗೆಯಲ್ಲೇ ಸುಳಿ ಒಣಗಿ ಹೋದವು. ಅಜ್ಜ ನೆಟ್ಟಿದ್ದವು. ಅದರ ಬಗ್ಗೆ ಅಪ್ಪ ಇವತ್ತಿಗೂ ಏನೂ ಅಂದಿಲ್ಲ.

ಇನ್ನೊಂದು ವಿಷಯ. ನಮ್ಮ ಸಾಲಿನ ಟಿಸಿ 25 ಕೆವಿಎದ್ದು. ಐದರ ಮೋಟ್ರು ನಾಲ್ಕು ತಡೀಬಹುದು. ಅದರ ಕೆಳಗೆ ಮೂರು ತೋಟದವರು ಹತ್ತು ಹಾಕಿದ್ದಾರೆ. ವೋಲ್ಟೇಜ್ ಬೀಳುತ್ತೆ, ಮೋಟ್ರು ಎತ್ತಲ್ಲ, ಎತ್ತಲ್ಲ ಅಂತ ಇನ್ನೂ ದೊಡ್ಡದು ತರ್ತಾರೆ. ವರ್ಷಕ್ಕೊಂದು ಸಲ ಟಿಸಿ ಸುಟ್ಟಾಗ ಎಲ್ಲರೂ ಸೇರಿ ಲೈನ್‌ಮನ್‌ನ ಬೈತೀವಿ.

2022ರ ಸೆಪ್ಟೆಂಬರಲ್ಲಿ ಮಾರಿಕಣಿವೆ ಕೋಡಿ ಬಿತ್ತು. 1933 ಆದಮೇಲೆ ಅದೇ ಮೊದಲು, 89 ವರ್ಷ. ಅಪ್ಪನ್ನ ಹಿರಿಯೂರಿಗೆ ಕರಕೊಂಡು ಹೋಗಿದ್ದೆ. ಜಾತ್ರೆ ಥರ ಜನ. ಎಲ್ಲರೂ ಕೈ ಮುಗಿಯೋರು, ಸೆಲ್ಫಿ ತೆಗೆಯೋರು. ಅಪ್ಪ ಕೋಡಿ ಮೇಲೆ ಜಾರೋ ನೀರನ್ನೇ ಕಣ್ಣು ಕಿರಿದು ಮಾಡಿ ನೋಡಿ, "ಎಷ್ಟಿಂಚು ಇದ್ದೀತೋ ಇದು?" ಅಂದ.

ವಾಪಸ್ ಬರೋ ದಾರೀಲಿ ಪಕ್ಕದ ತೋಟದವನ ಫೋನು. ನಮ್ಮ ಪಂಪ್‌ಹೌಸಲ್ಲಿ ವೈಂಡಿಂಗ್ ಮಾಡಿಸಿ ಇಟ್ಟಿರೋ ಹತ್ತು ಎಚ್‌ಪಿ ತನಗೆ ಕೊಡ್ತೀರಾ, ರೇಟ್ ಎಷ್ಟು ಅಂತ. ಅಪ್ಪ ಫೋನನ್ನ ಕಿವಿಯಿಂದ ಸ್ವಲ್ಪ ದೂರ ಹಿಡಿದು, ಎಂದಿನಂತೆ ಜೋರಾಗಿ ಕೇಳಿದ: "ರೇಟ್ ಇರ್ಲಿ ಬಿಡಪ್ಪ, ಬೋರು ಅಳ್ಸಿದ್ದೀಯಾ?"