ತಡೆದ ಚೆಂಡಿಗೆ ಲೆಕ್ಕವಿಲ್ಲ

ಹಾಕಿಯಲ್ಲಿ ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಗೋಲ್‌ಕೀಪರನ ಹೆಸರೂ ಬರುತ್ತದೆ, ಅವನು ಚೆಂಡು ಬಿಟ್ಟುಕೊಟ್ಟ ದಿನ. ತಡೆದದ್ದಕ್ಕೆ ಯಾರೂ ಲೆಕ್ಕ ಇಡುವುದಿಲ್ಲ. ಗಡಿ ಕಾಯುವ ಸಿಪಾಯಿಯ ಪಾಡೂ ಇದೇ. ಏನೂ ನಡೆಯದ ರಾತ್ರಿಗಳೇ ಅವನ ಸಾಧನೆ.

ಎರಡೂ ಪಾಡನ್ನು ಒಟ್ಟಿಗೇ ಹೊತ್ತವರು ಮ್ಯಾನುಯೆಲ್ ಫ್ರೆಡರಿಕ್. 1947ರ ಅಕ್ಟೋಬರಿನಲ್ಲಿ ಕಣ್ಣೂರಿನಲ್ಲಿ ಹುಟ್ಟಿದವರು, ಹುಡುಗನಾಗಿರುವಾಗಲೇ ಸೇನೆ ಸೇರಿ ಬೆಂಗಳೂರಿಗೆ ಬಂದರು. ಆರ್ಮಿ ಸರ್ವಿಸ್ ಕೋರ್, ನಮ್ಮೂರಿನ ಹಾಕಿ ಹುಚ್ಚರ ಬಾಯಲ್ಲಿ ಬರಿ ‘ಎಎಸ್‌ಸಿ’, ಅವರ ಕೈಗೆ ಕೋಲು ಕೊಟ್ಟು ತಿದ್ದಿತು. ಬೆಂಗಳೂರು ಅವರನ್ನು ಬಿಡಲಿಲ್ಲ. ಅವರೂ ಬೆಂಗಳೂರನ್ನು ಬಿಡಲಿಲ್ಲ.

ಆಗಿನ ಗೋಲ್‌ಕೀಪರುಗಳನ್ನು ನಾವು ಹುಡುಗರು ಗೋಲಿನ ಬಲೆಯ ಹಿಂದೆ ಕೂತು ನೋಡುತ್ತಿದ್ದೆವು. ಕಾಲಿಗೆ ಪ್ಯಾಡು, ಕೈಗೆ ಗವಸು, ಅಷ್ಟೇ. ಮುಖಕ್ಕೆ ದೇವರೇ ಗತಿ. ಹುಲ್ಲಿನ ಮೈದಾನದಲ್ಲಿ ಚೆಂಡು ಎಲ್ಲಿ ಪುಟಿಯುತ್ತದೆಂದು ಅದಕ್ಕೇ ಗೊತ್ತಿರುತ್ತಿರಲಿಲ್ಲ. ಪೆನಾಲ್ಟಿ ಕಾರ್ನರ್ ಎಂದರೆ ಒಬ್ಬ ಕೈಯಲ್ಲಿ ಚೆಂಡು ನಿಲ್ಲಿಸುವುದು, ಇನ್ನೊಬ್ಬ ಎತ್ತಿ ಬಾರಿಸುವುದು. ನೂರೈವತ್ತಕ್ಕೂ ಹೆಚ್ಚು ಗ್ರಾಂ ತೂಗುವ ಆ ಗಟ್ಟಿ ಚೆಂಡು ಗುಂಡಿನ ಹಾಗೆ ಹಾರಿ ಬರುವಾಗ ಬಲೆಯ ಹಿಂದಿದ್ದ ನಾವೇ ತಲೆ ತಗ್ಗಿಸುತ್ತಿದ್ದೆವು. ಮುಂದೆ ನಿಂತವನು ಮುಂದಕ್ಕೇ ನುಗ್ಗುತ್ತಿದ್ದ! ಮ್ಯಾನುಯೆಲ್ ಆಡಿದ್ದು ಆ ಕಾಲದ ಹಾಕಿ. ಅವರಿಗೆ ‘ಟೈಗರ್’ ಎಂಬ ಹೆಸರು ಪುಕ್ಕಟೆ ಬಂದದ್ದಲ್ಲ.

1972ರ ಮ್ಯೂನಿಕ್ ಒಲಿಂಪಿಕ್ಸಿನ ಸೆಮಿಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಭಾರತಕ್ಕೆ 2–0 ಸೋಲು. ಹರ್ಮಿಕ್ ಸಿಂಗ್ ನಾಯಕತ್ವದ ಆ ತಂಡದಲ್ಲಿ ನಮ್ಮ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಕೂಡ ಇದ್ದರು. ಕಂಚಿಗಾಗಿ ನಡೆದ ಪಂದ್ಯದಲ್ಲಿ ನೆದರ್ಲೆಂಡ್ಸನ್ನು 2–1ರಿಂದ ಗೆದ್ದರು. ಅದು 2–2 ಆಗದೆ ಉಳಿದದ್ದು ಯಾರಿಂದ ಎಂಬುದಕ್ಕೆ ದಾಖಲೆಯಲ್ಲಿ ಅಂಕಣವೇ ಇಲ್ಲ. ಕೇರಳದಲ್ಲಿ ಹುಟ್ಟಿದವರೊಬ್ಬರ ಕೊರಳಿಗೆ ಒಲಿಂಪಿಕ್ ಪದಕ ಬಿದ್ದದ್ದು ಅದೇ ಮೊದಲು.

ಆಮೇಲೆ ಹುಲ್ಲು ಹೋಯಿತು. 1976ರ ಮಾಂಟ್ರಿಯಲ್‌ನಿಂದ ಒಲಿಂಪಿಕ್ ಹಾಕಿ ಕೃತಕ ಹಾಸಿಗೆ ಏರಿತು. ಗೋಲ್‌ಕೀಪರನಿಗೆ ಶಿರಸ್ತ್ರಾಣ ಬಂತು, ಮುಖ ಮರೆಯಾಯಿತು. 1978ರ ಬ್ಯೂನಸ್ ಐರಿಸ್ ವಿಶ್ವಕಪ್‌ನಲ್ಲೂ ಆಡಿದ ಮ್ಯಾನುಯೆಲ್ ಆಮೇಲೆ ಊರಿನ ಜನಜಂಗುಳಿಯಲ್ಲಿ ಒಬ್ಬರಾದರು. ಸರ್ಕಾರ ಧ್ಯಾನ್‌ಚಂದ್ ಪ್ರಶಸ್ತಿ ಕೊಟ್ಟದ್ದು 2019ರಲ್ಲಿ. ಪದಕ ಬಂದು ನಲವತ್ತೇಳು ವರ್ಷಗಳಾಗಿದ್ದವು. ತಡೆಯುವವರನ್ನು ಸತ್ಕರಿಸಲು ನಮಗೆ ಎಂದೂ ಅವಸರವಿಲ್ಲ.

2021ರಲ್ಲಿ ಟೋಕಿಯೊದ ಕಂಚು ಗೆದ್ದ ಶ್ರೀಜೇಶ್ ಗೋಲುಕಂಬ ಹತ್ತಿ ಕೂತರು. ಆ ಚಿತ್ರವನ್ನು ದೇಶವೆಲ್ಲ ನೋಡಿತು. ಅವರೂ ಕೇರಳದವರು, ಅವರೂ ಗೋಲ್‌ಕೀಪರ್. ಆ ಹೊತ್ತಿನಲ್ಲಿ ಮ್ಯಾನುಯೆಲ್‌ಗೆ ಎಪ್ಪತ್ಮೂರು. 2025ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲೇ ಅವರು ಕಣ್ಣು ಮುಚ್ಚಿದಾಗ, ಯಾರವರು ಎಂದು ಕೇಳಿದವರೇ ಹೆಚ್ಚು. ಒಂದು ವಾಕ್ಯದಲ್ಲಿ ಉತ್ತರ ಹೇಳಲು ಹೊರಟು ನಾನು ತಡವರಿಸಿದೆ. ಹೊಡೆದ ಗೋಲುಗಳಿದ್ದರೆ ಎಣಿಸಿ ಹೇಳಿಬಿಡಬಹುದಿತ್ತು. ಬರಿ ಮುಖದಲ್ಲಿ ನಿಂತು ತಡೆದವರ ಬಗ್ಗೆ ಹೇಳಬೇಕಾದರೆ ಆ ಮೈದಾನ, ಆ ಚೆಂಡು, ಆ ಕಾಲ ಎಲ್ಲವನ್ನೂ ಹೇಳಬೇಕು. ಕೇಳುವವರಿಗೆ ಅಷ್ಟು ಪುರುಸೊತ್ತಿದ್ದರೆ ನಾನಂತೂ ಹೇಳುತ್ತಲೇ ಇರುತ್ತೇನೆ.