ನೊರೆ ಬಾರದ ಊರಿನಲ್ಲಿ

ಚಿಕ್ಕಬಳ್ಳಾಪುರದಲ್ಲಿ ಮನೆ ಕಟ್ಟಿಸುವಾಗ ಬೋರಿಗೆ ಜಾಗ ತೋರಿಸುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಸೈಟೆಲ್ಲ ಸುತ್ತಿದರು. ವಾಸ್ತುವಿಗೆ ಒಪ್ಪುವಂತೆ ಕಾಯಿ ಈಶಾನ್ಯದಲ್ಲೇ ಎದ್ದು ನಿಂತಿತು. ಎಷ್ಟು ಇಂಚು ನೀರು ಎಂದು ಎಲ್ಲರೂ ಕೇಳಿದರೇ ಹೊರತು ಎಂಥ ನೀರು ಎಂದು ಯಾರೂ ಕೇಳಲಿಲ್ಲ. ಸಾವಿರ ಅಡಿ ದಾಟಿದ ಮೇಲೆ ಕೇಸಿಂಗ್ ಪೈಪಿನಿಂದ ನೀರು ಚಿಮ್ಮಿದರೆ ಕೈಮುಗಿಯುತ್ತೇವೆ, ಜಾತಕ ಕೇಳುತ್ತೇವೆಯೇ?

ಜಾತಕ ತಾನಾಗಿಯೇ ಹೊರಬಿತ್ತು. ಹೊಸ ನಲ್ಲಿಗಳಿಗೆ ತೊನ್ನು ಹತ್ತಿತು. ಅಡುಗೆಮನೆಯ ಕರೀ ಗ್ರಾನೈಟು ಎಷ್ಟು ಒರೆಸಿದರೂ ವಿಭೂತಿ ಬಳಿದುಕೊಂಡೇ ಇರುತ್ತಿತ್ತು. ಶವರಿನ ತೂತುಗಳು ಒಂದೊಂದಾಗಿ ಮುಚ್ಚಿ, ಉಳಿದವು ಕಂಡಕಂಡ ಕಡೆಗೆ ಹಾರತೊಡಗಿದವು. ಒಂದೆಳೆ ಕಿವಿಗೆ, ಒಂದೆಳೆ ಕಿಟಕಿಗೆ, ನಡುವೆ ನಿಂತವನ ಬೆನ್ನು ಮಾತ್ರ ಒಣಗಿಯೇ ಇರುತ್ತಿತ್ತು. ಈಗ ಸೇಫ್ಟಿಪಿನ್ನು ಹಿಡಿದು ಅದರ ಕಿವಿ ಚುಚ್ಚುವುದು ನನ್ನ ಭಾನುವಾರದ ನೇಮ. ಉದುರುವ ಬಿಳಿ ಹಕ್ಕಳೆಯನ್ನು ಉಗುರಿನಲ್ಲಿ ಒತ್ತಿದರೆ ಕಟಕ್ ಎನ್ನುತ್ತದೆ, ಮೇಲೆ ನಿಂಬೆರಸ ಹಿಂಡಿದರೆ ಸುಯ್ಯೆಂದು ಗುಳ್ಳೆ ಏಳುತ್ತದೆ. ಗೀಸರು ಬಿಚ್ಚಿದ ಪ್ಲಂಬರ್ ಕಾಯಿಲನ್ನು ಬೆಳಕಿಗೆ ಹಿಡಿದು, "ಇದರಲ್ಲಿ ನೀರು ಕಾಯಲ್ಲ ಸಾರ್, ಬೇಕಾದ್ರೆ ನಾಮ ತೀಡ್ಕೋಬಹುದು" ಎಂದ.

ಮಳೆನೀರು ಗಾಳಿ-ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗಿ ಕೆಳಗಿಳಿಯುತ್ತದೆ. ಬಂಡೆಯ ಬಿರುಕುಗಳಲ್ಲಿ ವರ್ಷಾನುಗಟ್ಟಲೆ ಕೂತು ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸಿಕೊಳ್ಳುತ್ತದೆ. ಕಾಯಿಸಿದೊಡನೆ ಅನಿಲ ಹಾರಿಹೋಗಿ, ಸುಣ್ಣ ಮಾತ್ರ ಕಾಯಿಲಿಗೆ ಕಚ್ಚಿಕೊಳ್ಳುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಆ 'ಇಲ್ಲದಿದ್ದರೆ'ಯನ್ನು ನಮ್ಮ ಜಿಲ್ಲೆ ನೋಡಿಕೊಂಡೇ ಬರೆದಿರಬೇಕು.

ಇದ್ದ ಮೂಲಗಳೇನು ಕಮ್ಮಿಯೇ? ನಂದಿಬೆಟ್ಟದ ಸುತ್ತಲ ಗುಡ್ಡಗಳಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಗೌರಿಬಿದನೂರಿಗೆ ಮುಖ ತೋರಿಸಿ ಆಂಧ್ರಕ್ಕೆ ಹೋಯಿತು, ದಕ್ಷಿಣ ಪಿನಾಕಿನಿ ತಮಿಳುನಾಡಿಗೆ. ಹೆಣ್ಣುಮಕ್ಕಳೆಲ್ಲ ಗಂಡನ ಮನೆ ಸೇರಿದರು, ತವರಿಗೆ ಮರಳು ಉಳಿಯಿತು. ಕನ್ನಂಬಾಡಿಯ ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ ಮುದ್ದೇನಹಳ್ಳಿ ನಮ್ಮೂರಿನ ಮಗ್ಗುಲಲ್ಲೇ ಇದೆ. ಅಲ್ಲಿಗೂ ಕಾವೇರಿ ಬರಲಿಲ್ಲ. ಬಂದದ್ದು ಎಚ್.ಎನ್. ವ್ಯಾಲಿ, ಅಂದರೆ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬುವ ಯೋಜನೆ. ಹೆಬ್ಬಾಳದ ಬಾಡಿಗೆ ಮನೆಯಲ್ಲಿ ನಾನು ಮಿಂದು ಬಿಟ್ಟ ನೀರು ನನಗಿಂತ ಮೊದಲೇ ಬಂದು ಕಂದವಾರದ ಕೆರೆಯಲ್ಲಿ ನೆಲೆಸಿದೆ.

ಇಷ್ಟೆಲ್ಲ ಅಡುಗೆಮನೆಗೆ ಬೇಕಿಲ್ಲ. ಅಲ್ಲಿನ ಪ್ರಶ್ನೆ ಒಂದೇ: ಬೇಳೆ ಯಾಕೆ ಬೇಯಲ್ಲ? ಕುಕ್ಕರು ಕೂಗಿ ಕೂಗಿ ಸುಸ್ತಾದರೂ ತೊಗರಿಬೇಳೆ ಗುಂಡಗೆ, ಬಿಡಿಬಿಡಿಯಾಗಿ ಕಣ್ಣು ಬಿಟ್ಟುಕೊಂಡಿರುತ್ತದೆ. ಹಳ್ಳಿಮನೆಯ ಬಾವಿನೀರಲ್ಲಿ ಒಂದೇ ಕುದಿಗೆ ಹಿಟ್ಟಾಗುತ್ತಿತ್ತು ಎಂದು ಅಮ್ಮ ದಿನಾ ನೆನಪಿಸುತ್ತಾಳೆ. ಆ ಬಾವಿಗೆ ಬಗ್ಗಿ ಕೊಡ ಅದ್ದಬಹುದಾಗಿತ್ತು; ಈಗ ಅದರಲ್ಲಿ ಕಸವಿದೆ. ಕ್ಯಾನಿನ ನೀರು ಕುಡಿಯಲಿಕ್ಕಾಯಿತು. ಬೇಳೆಗೆಂದು ಆರ್‌ಓ ತಂದೆವು. ಅದು ಕೊಟ್ಟದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ಆ ಬಿಟ್ಟ ನೀರಲ್ಲಿ ನೆಲ ಒರೆಸಿದರೆ ಹೆಂಡತಿ ಇಡದ ರಂಗೋಲಿಯೂ ಮೂಡುತ್ತದೆ. ಆಮೇಲೆ ಸಾಫ್ಟ್‌ನರ್ ಮಾರುವವನು ಬಂದು, ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತವೆಂದೂ, ಮಣಿ ತೊಳೆಯಲು ಆಗಾಗ ಉಪ್ಪು ಸುರಿಯಬೇಕೆಂದೂ ವಿವರಿಸಿದ. ಅಮ್ಮ ಒಳಗಿನಿಂದಲೇ, "ಉಪ್ಪುನೀರಿಗೆ ಇನ್ನೂ ಉಪ್ಪು ಹಾಕಿಸ್ತೀಯೇನೋ?" ಎಂದು ಕೇಳಿದಳು. ವ್ಯಾಪಾರ ಅಲ್ಲಿಗೆ ನಿಂತಿತು.

ಕೊನೆಗೆ ತಾರಸಿಯ ಪೈಪಿನ ಬಾಯಿಗೆ ಬಟ್ಟೆ ಕಟ್ಟಿ ನೀಲಿ ಡ್ರಮ್ಮಿಟ್ಟೆವು. ಮಳೆ ಬಂದ ಮಾರನೆಯ ಬೆಳಗ್ಗೆ ಸೋಪು ಮುಟ್ಟಿದರೆ ಸಾಕು, ನೊರೆಯೋ ನೊರೆ. ಎಷ್ಟು ಸುರಿದುಕೊಂಡರೂ ಜಾರುತ್ತಲೇ ಇತ್ತು. "ಸಾಕು ಬನ್ರೀ, ಬೇಳೆಗೆ ನೀರು ಬೇಕು" ಎಂದು ಹೊರಗಿನಿಂದ ಕೂಗು ಬಂತು.

ಮಧ್ಯಾಹ್ನ ಶಿಡ್ಲಘಟ್ಟದ ಬಾಮೈದ ಊಟಕ್ಕೆ ಬಂದ. ರೇಷ್ಮೆ ಬಿಚ್ಚುವ ಕಸುಬಿನವನು, ಗೂಡು ಬೇಯಿಸುವ ನೀರು ಗಡುಸಾದರೆ ನೂಲು ಸಲೀಸಾಗಿ ಏಳುವುದಿಲ್ಲವೆಂದು ಬಲ್ಲವನು. ಡ್ರಮ್ಮಿಗೆ ಬೆರಳದ್ದಿ, ಉಜ್ಜಿ ನೋಡಿ, ತಲೆಯಾಡಿಸಿದ. ಸಾರಿನಲ್ಲಿ ಕರಗಿಹೋದ ಬೇಳೆಯನ್ನು ಎರಡೆರಡು ಸಲ ಬಡಿಸಿಕೊಂಡ. ಹೊರಡುವಾಗ ಬೈಕಿನಿಂದ ಖಾಲಿ ಕ್ಯಾನು ಬಿಚ್ಚಿಕೊಂಡು ಬಂದು ನಿಂತ.

"ಒಂದು ಕ್ಯಾನ್ ತಗೊಂಡು ಹೋಗ್ಲಾ ಭಾವ?"

"ರೇಷ್ಮೆಗೇನೋ?"

"ಅಯ್ಯೋ, ರೇಷ್ಮೆಗೆ ಟ್ಯಾಂಕರ್ ಹಾಕಿಸ್ತೀನಿ. ಇದು ಮನೆಗೆ. ಅವಳು ಅವರೆಕಾಳು ನೆನೆಹಾಕಿದ್ದಾಳೆ."